ವೇಪ್ ಕಾಯಿಲ್ ಯಾಕೆ ಬೇಗ ಸುಡುತ್ತದೆ? ಯಾವುದನ್ನು ತೊಳೆಯಬೇಕು, ಯಾವುದನ್ನು ಬದಲಿಸಬೇಕು

ವೇಪ್, ಅಂದರೆ ಇ-ಸಿಗರೇಟು ಬಳಸುವವರಿಗೆಲ್ಲ ಈ ಅನುಭವ ಆಗಿರುತ್ತದೆ. ನಿನ್ನೆ ರಾತ್ರಿವರೆಗೆ ಪುದೀನದ ರುಚಿ ಚೆನ್ನಾಗಿಯೇ ಬರುತ್ತಿತ್ತು. ಇವತ್ತು ಬೆಳಗ್ಗೆ ಒಂದು ಸಲ ಎಳೆದರೆ ಸುಟ್ಟ ಹತ್ತಿಯ ಕಮಟು ಗಂಟಲಿಗೆ ಬಡಿಯುತ್ತದೆ, ಕೆಮ್ಮು ಒತ್ತರಿಸಿ ಬರುತ್ತದೆ. ಟ್ಯಾಂಕಿನಲ್ಲಿ ಇನ್ನೂ ಅರ್ಧ ಲಿಕ್ವಿಡ್ ಇದೆ. ಬ್ಯಾಟರಿ ಚಾರ್ಜೂ ಇದೆ. ಆಗ ಕೆಲವರು ಸರಿಹೋದೀತು ಅಂತ ಇನ್ನೂ ನಾಲ್ಕು ಸಲ ಎಳೆದು ನೋಡುತ್ತಾರೆ. ಇನ್ನು ಕೆಲವರು ಇಡೀ ಸಾಧನವನ್ನೇ ಕಸಕ್ಕೆ ಹಾಕಿ ಹೊಸದು ತರುತ್ತಾರೆ. ನಿಜವಾಗಿ ಹಾಳಾಗಿರುವುದು ಲಿಕ್ವಿಡ್ ಕಾಯಿಸುವ, ಬೆರಳ ತುದಿಯಷ್ಟಿರುವ ಕಾಯಿಲ್ ಎಂಬ ಒಂದು ಭಾಗ ಮಾತ್ರ. ಉಳಿದದ್ದೆಲ್ಲ ವರ್ಷಗಟ್ಟಲೆ ಬಾಳಿಕೆ ಬರುವಂಥದ್ದು.

ಬ್ರಿಟನ್ನಿನಲ್ಲಿ ಇರುವವರಿಗೆ ಈ ವಿಷಯ ಈಗ ಮೊದಲಿಗಿಂತ ಜಾಸ್ತಿ ಬೇಕಾಗಿದೆ. 2025ರ ಜೂನ್ 1ರಿಂದ ಅಲ್ಲಿ ಒಂದೇ ಸಲ ಬಳಸಿ ಬಿಸಾಡುವ ವೇಪ್‌ಗಳ ಮಾರಾಟ ನಿಂತಿದೆ. ನಿಷೇಧಕ್ಕೆ ಮುಂಚೆ, 2023ರ ಹೊತ್ತಿಗೆ, ವಾರಕ್ಕೆ ಸುಮಾರು 50 ಲಕ್ಷ ಇಂಥ ವೇಪ್‌ಗಳು ಕಸಕ್ಕೋ ಬೀದಿಗೋ ಬೀಳುತ್ತಿವೆ ಎಂಬ ಅಂದಾಜಿತ್ತು. ಒಂದೊಂದರಲ್ಲೂ ಒಂದು ಲಿಥಿಯಂ ಬ್ಯಾಟರಿ. ಈಗಿನ ನಿಯಮದ ಪ್ರಕಾರ ವೇಪ್‌ನ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡುವಂತಿರಬೇಕು, ಲಿಕ್ವಿಡ್ ಮತ್ತೆ ತುಂಬುವಂತಿರಬೇಕು, ಕಾಯಿಲ್ ಬದಲಿಸುವಂತಿರಬೇಕು. ಅಂದರೆ ಇದುವರೆಗೆ ಬಳಸಿ ಎಸೆದೇ ಅಭ್ಯಾಸ ಇದ್ದವರ ಕೈಗೆ ಈಗ ನೋಡಿಕೊಳ್ಳಬೇಕಾದ ಒಂದು ವಸ್ತು ಬಂದಿದೆ. ಹೇಗೆ ನೋಡಿಕೊಳ್ಳಬೇಕು ಅಂತ ಯಾರೂ ಹೇಳಿಕೊಡಲಿಲ್ಲ. ಪೆಟ್ಟಿಗೆಯೊಳಗಿನ ಚೀಟಿಯ ಅಕ್ಷರವೋ, ಭೂತಗನ್ನಡಿ ಇಟ್ಟು ಓದಬೇಕು.

ಮುಂದೆ ಹೋಗುವ ಮುಂಚೆ ಎರಡು ಮಾತು ಸ್ಪಷ್ಟವಾಗಿ ಹೇಳಬೇಕು. ಒಂದು, ಭಾರತದಲ್ಲಿ ಇ-ಸಿಗರೇಟಿಗೆ ನಿಷೇಧ ಇದೆ. ಕರ್ನಾಟಕ 2016ರಲ್ಲೇ ನಿಷೇಧಿಸಿತ್ತು. 2019ರಲ್ಲಿ ಕೇಂದ್ರದ ಕಾಯ್ದೆಯೇ ಬಂತು. ತಯಾರಿಕೆ, ಆಮದು, ಮಾರಾಟ, ಸಾಗಣೆ, ದಾಸ್ತಾನು, ಜಾಹೀರಾತು ಎಲ್ಲಕ್ಕೂ ಶಿಕ್ಷೆ ಇದೆ. ಹಾಗಾಗಿ ಈ ಬರಹ ವೇಪ್‌ಗೆ ಕಾನೂನಿನ ಅನುಮತಿ ಇರುವ ಕಡೆ, ಮುಖ್ಯವಾಗಿ ಬ್ರಿಟನ್ನಿನಲ್ಲಿ ಇರುವ ಕನ್ನಡಿಗರಿಗೆ. ಎರಡು, ಬ್ರಿಟನ್ನಿನ ಆರೋಗ್ಯ ಸೇವೆಯೂ ವೇಪ್ ಅನ್ನು ಸಿಗರೇಟು ಬಿಡುವವರಿಗೆ ಒಂದು ದಾರಿ ಅಂತ ಮಾತ್ರ ಹೇಳುತ್ತದೆ. ಸಿಗರೇಟಿಗಿಂತ ಹಾನಿ ಕಡಿಮೆ, ಆದರೆ ಹಾನಿ ಇಲ್ಲವೆಂದಲ್ಲ. ಸಿಗರೇಟು ಸೇದದವರು ಇದನ್ನು ಹಿಡಿಯಲು ಒಂದೇ ಒಂದು ಒಳ್ಳೆಯ ಕಾರಣವೂ ಇಲ್ಲ. 18 ತುಂಬದವರಿಗೆ ಅಲ್ಲೂ ಮಾರುವಂತಿಲ್ಲ.

ಸಿಗರೇಟು ಬಿಡಲು ಇದನ್ನು ಹಿಡಿದವರಿಗೆ ಶುಚಿಯಾಗಿಟ್ಟುಕೊಳ್ಳುವುದು ಬರೀ ದುಡ್ಡು ಉಳಿಸುವ ಮಾತಲ್ಲ. ಸುಟ್ಟ ಕಾಯಿಲಿನಿಂದ ಎಳೆಯುವ ಹೊಗೆಯಲ್ಲಿ ನೀವು ಯಾವುದನ್ನು ಬಿಟ್ಟು ಬಂದಿರೋ ಅದರದ್ದೇ ಕೆಲವು ವಿಷಗಳು ಇರುತ್ತವೆ. ಅದು ಹೇಗೆ ಅಂತ ನೋಡೋಣ.

ಒಳಗೆ ನಡೆಯುವುದೇನು

ವೇಪ್‌ನ ಹೃದಯ ಕಾಯಿಲ್. ಒಂದು ತೆಳು ಲೋಹದ ತಂತಿ, ಅಥವಾ ಈಗೀಗ ಸಣ್ಣ ಸಣ್ಣ ತೂತುಗಳಿರುವ ಲೋಹದ ಜಾಲರಿ. ಅದಕ್ಕೆ ಒತ್ತಿಕೊಂಡು ಹತ್ತಿ. ಹತ್ತಿ ಟ್ಯಾಂಕಿನಿಂದ ಲಿಕ್ವಿಡ್ ಹೀರಿ ತಂತಿಗೆ ಕೊಡುತ್ತದೆ. ಬ್ಯಾಟರಿಯಿಂದ ಕರೆಂಟು ಹರಿದಾಗ ತಂತಿ ಕಾಯುತ್ತದೆ, ಲಿಕ್ವಿಡ್ ಆವಿಯಾಗುತ್ತದೆ. ಆ ಆವಿ ತಣ್ಣಗಾಗಿ ಸಣ್ಣ ಹನಿಗಳ ಮಂಜಾಗುತ್ತದೆ. ನೀವು ಎಳೆಯುವುದು ಅದನ್ನೇ.

ಲಿಕ್ವಿಡ್‌ನ ಬಹುಪಾಲು ಎರಡೇ ವಸ್ತು. ಒಂದು ಪ್ರೊಪಿಲೀನ್ ಗ್ಲೈಕಾಲ್, ಎಲ್ಲರೂ ಪಿಜಿ ಅನ್ನುತ್ತಾರೆ. ಇನ್ನೊಂದು ಗ್ಲಿಸರಿನ್, ಅದು ವಿಜಿ. ಪಿಜಿ ನೀರಾಗಿರುತ್ತದೆ, 188 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ವಿಜಿ ಮಂದ, ಅದು ಕುದಿಯುವುದು 290 ಡಿಗ್ರಿಯಲ್ಲಿ. ಇವೆರಡರ ಜೊತೆಗೆ ನಿಕೋಟಿನ್ ಮತ್ತು ರುಚಿಗೆ ಹಾಕುವ ಪದಾರ್ಥಗಳು.

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ: ತಂತಿಯನ್ನು ತಣ್ಣಗಿಡುವುದು ಲಿಕ್ವಿಡ್ಡೇ. ಹತ್ತಿ ಒದ್ದೆ ಇದ್ದಷ್ಟು ಹೊತ್ತು ತಂತಿಯ ಶಾಖವೆಲ್ಲ ಲಿಕ್ವಿಡ್ ಆವಿ ಮಾಡುವುದಕ್ಕೆ ಖರ್ಚಾಗುತ್ತದೆ. ಹಾಗಾಗಿ ಬಿಸಿ ಒಂದು ಮಟ್ಟದಲ್ಲೇ ನಿಲ್ಲುತ್ತದೆ. ಹತ್ತಿ ಒಣಗಿತು ಅಂದರೆ ಆ ತಡೆ ಹೋಯಿತು. ತಂತಿಯ ಬಿಸಿ ಕ್ಷಣದಲ್ಲಿ ಎಷ್ಟೋ ಮೇಲೇರುತ್ತದೆ. ಹತ್ತಿ ಕಂದಾಗಿ, ಆಮೇಲೆ ಕರಕಲಾಗುತ್ತದೆ. ಅಲ್ಲಿ ಉಳಿದಿದ್ದ ಗ್ಲಿಸರಿನ್ ಆವಿಯಾಗುವ ಬದಲು ಒಡೆಯುತ್ತದೆ. ಒಡೆದಾಗ ಹುಟ್ಟುವುದು ಅಕ್ರೋಲಿನ್, ಫಾರ್ಮಾಲ್ಡಿಹೈಡ್‌ನಂಥ ವಸ್ತುಗಳು. ಸಿಗರೇಟಿನ ಹೊಗೆಯಲ್ಲೂ ಇವೇ ಇವೆ. ಗಂಟಲು ಉರಿಸುವ ಆ ಕಮಟು ಬಂದರೆ ಸರಿಹೋದೀತು ಅಂತ ಮತ್ತೆ ಮತ್ತೆ ಎಳೆಯಬೇಡಿ. ಸುಟ್ಟ ಹತ್ತಿ ಮತ್ತೆ ಬಿಳಿಯಾಗುವುದಿಲ್ಲ.

ಹತ್ತಿ ಒಣಗುವುದು ಯಾಕೆ? ಟ್ಯಾಂಕ್ ಖಾಲಿಯಾಗಿದ್ದರೆ ಒಣಗುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಟ್ಯಾಂಕ್ ತುಂಬಿದ್ದರೂ ಒಣಗಬಹುದು. ಬಿಡುವು ಕೊಡದೆ ಒಂದರ ಹಿಂದೊಂದು ಎಳೆದರೆ ಹತ್ತಿ ಹೀರುವ ವೇಗಕ್ಕಿಂತ ಆವಿಯಾಗುವ ವೇಗ ಜಾಸ್ತಿಯಾಗುತ್ತದೆ. ವ್ಯಾಟ್ ಜಾಸ್ತಿ ಇಟ್ಟರೂ ಅಷ್ಟೆ. ಸಣ್ಣ ವೇಪ್‌ಗಳಲ್ಲಿ ಟ್ಯಾಂಕಿನ ಬದಲು ಬಿಚ್ಚಿ ಹಾಕುವ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ, ಅದೇ ಪಾಡ್. ಸಣ್ಣ ಪಾಡ್‌ಗೆ ಮಂದ ಲಿಕ್ವಿಡ್ ತುಂಬಿದರೆ ಅದರ ಕಿರಿದಾದ ತೂತುಗಳಲ್ಲಿ ಅದು ಸಲೀಸಾಗಿ ಇಳಿಯುವುದೇ ಇಲ್ಲ. 70 ಭಾಗ ವಿಜಿ ಇರುವ ಬಾಟಲಿ ದೊಡ್ಡ ಟ್ಯಾಂಕಿಗೆ ಸರಿ. ಬಾಯಲ್ಲಿ ಎಳೆದು ಆಮೇಲೆ ಒಳಗೆ ತೆಗೆದುಕೊಳ್ಳುವ ಸಣ್ಣ ಪಾಡ್‌ಗಳಿಗೆ 50-50 ಇರುವುದೇ ಒಳ್ಳೆಯದು. ಚಳಿಗಾಲದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ರಾತ್ರಿ ಕಾರಿನಲ್ಲೇ ಬಿಟ್ಟ ವೇಪ್‌ನ ಲಿಕ್ವಿಡ್ ಬೆಳಗ್ಗೆ ಜೇನಿನಷ್ಟು ಗಟ್ಟಿಯಾಗಿರುತ್ತದೆ. ಐದು ಹತ್ತು ನಿಮಿಷ ಒಳಜೇಬಿನಲ್ಲಿಟ್ಟು ಬೆಚ್ಚಗಾದ ಮೇಲೆ ಬಳಸಿದರೆ ಎಷ್ಟೋ ಕಾಯಿಲ್ ಉಳಿಯುತ್ತವೆ.

ನಿಜವಾದ ವೈರಿ ಸಿಹಿ

ಒಂದು ಹಳೆಯ ಕಾಯಿಲನ್ನು ಬಿಚ್ಚಿ ನೋಡಿದರೆ ಅರ್ಧ ಪಾಠ ಅಲ್ಲೇ ಆಗುತ್ತದೆ. ಕೈಗವಸು ಹಾಕಿಕೊಂಡು, ಇಕ್ಕಳದಿಂದ ಅದರ ತೆಳು ಲೋಹದ ಕವಚವನ್ನು ನಿಧಾನ ಸುಲಿಯಿರಿ. ಹೊರಗಿನ ಹತ್ತಿ ಚಹಾ ಬಣ್ಣಕ್ಕೆ ತಿರುಗಿರುತ್ತದೆ, ಆದರೆ ಮೆತ್ತಗೇ ಇರುತ್ತದೆ. ಒಳಗೆ ಹೋದಂತೆ ಬಣ್ಣ ಕಪ್ಪಾಗುತ್ತದೆ. ತಂತಿಗೆ ತಾಗಿದ ಪದರ ಗಟ್ಟಿಯಾಗಿ ಹಕ್ಕಳೆಕಟ್ಟಿರುತ್ತದೆ, ಉಗುರಿನಿಂದ ಕೆರೆದರೆ ಹೊಳೆಯುವ ಕರಿ ಚೂರುಗಳು ಉದುರುತ್ತವೆ. ಜಾಲರಿಯ ತೂತುಗಳಲ್ಲಿ ಅರ್ಧಕ್ಕರ್ಧ ಮುಚ್ಚಿಹೋಗಿರುತ್ತವೆ. ಶ್ಯಾವಿಗೆ ಪಾಯಸ ತಳ ಹಿಡಿದ ಪಾತ್ರೆ ನೋಡಿದ್ದೀರಲ್ಲ, ಹಾಗೇ. ಕಾರಣವೂ ಹೆಚ್ಚುಕಡಿಮೆ ಅದೇ.

ಪಿಜಿ, ವಿಜಿ, ನಿಕೋಟಿನ್ ಇವೆಲ್ಲ ಆವಿಯಾಗಿ ಹೊರಟುಹೋಗುತ್ತವೆ. ಸಿಹಿ ಹೋಗುವುದಿಲ್ಲ. ಹೆಚ್ಚಿನ ಸಿಹಿ ಲಿಕ್ವಿಡ್‌ಗಳಲ್ಲಿ ಹಾಕುವುದು ಸುಕ್ರಲೋಸ್. ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ ಇರುವ ವಸ್ತು ಅದು. ಬಿಸಿಗೆ ಅದು ಆವಿಯಾಗದೆ ಒಡೆದು, ಕಂದಿ, ತಂತಿಗೆ ಅಂಟಿಕೊಳ್ಳುತ್ತದೆ. ಆ ಪದರ ಕಟ್ಟಿದ ಮೇಲೆ ತಂತಿಯ ಶಾಖ ಲಿಕ್ವಿಡ್‌ಗೆ ಸರಿಯಾಗಿ ತಲುಪುವುದಿಲ್ಲ. ರುಚಿ ಮಂಕಾಗುತ್ತದೆ. ಬಳಸುವವರು ಏನು ಮಾಡುತ್ತಾರೆ? ವ್ಯಾಟ್ ಏರಿಸುತ್ತಾರೆ, ಇಲ್ಲವೇ ಜೋರಾಗಿ ಎಳೆಯುತ್ತಾರೆ. ತಳ ಇನ್ನೂ ಬೇಗ ಹಿಡಿಯುತ್ತದೆ.

ಹಾಗಾಗಿ ಕಾಯಿಲ್ ಬಾಳಿಕೆ ಬರುವುದು ನೀವು ಏನನ್ನು ತುಂಬುತ್ತೀರಿ ಎಂಬುದರ ಮೇಲೆ ನಿಂತಿದೆ, ಎಷ್ಟು ತೊಳೆಯುತ್ತೀರಿ ಎಂಬುದರ ಮೇಲಲ್ಲ. ಕಸ್ಟರ್ಡ್, ಡೋನಟ್, ಕ್ಯಾಂಡಿ ರುಚಿಯ ಗಾಢ ಬಣ್ಣದ ಲಿಕ್ವಿಡ್ ಒಂದು ಕಾಯಿಲನ್ನು ನಾಲ್ಕೈದು ದಿನಕ್ಕೇ ಮುಗಿಸಬಹುದು. ಸಿಹಿ ಸೇರಿಸದ ತಿಳಿ ಮೆಂಥಾಲ್ ಅಥವಾ ತಂಬಾಕು ರುಚಿಯದ್ದಾದರೆ ಅದೇ ಕಾಯಿಲ್ ಎರಡು ವಾರ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಬರುತ್ತದೆ. ಅಂಗಡಿಯಲ್ಲಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ತಿಳಿಯಾಗಿದ್ದಷ್ಟೂ ಒಳ್ಳೆಯದು ಅನ್ನುವುದು ಒರಟು ಲೆಕ್ಕ. ಸುಕ್ರಲೋಸ್‌ಗೆ ಬಣ್ಣ ಇಲ್ಲ, ಹಾಗಾಗಿ ಸಿಹಿ ಸೇರಿಸಿಲ್ಲ ಅಂತ ಹೇಳಿ ಮಾರುವ ಲಿಕ್ವಿಡ್ ಇದೆಯಾ ಅಂತ ಕೇಳಿಯೂ ಕೇಳಿ.

ಹೊಸ ಕಾಯಿಲ್‌ನ ಮೊದಲ ಹತ್ತು ನಿಮಿಷ

ಎಷ್ಟೋ ಕಾಯಿಲ್‌ಗಳು ಸಾಯುವುದು ಹಾಕಿದ ಮೊದಲ ನಿಮಿಷದಲ್ಲೇ. ಹೊಸ ಕಾಯಿಲ್‌ನ ಹತ್ತಿ ಪೂರ್ತಿ ಒಣಗಿರುತ್ತದೆ. ಹಾಕಿದ ಕೂಡಲೇ ಎಳೆದರೆ ಒಣ ಹತ್ತಿಯ ಮೇಲೆ ಕಾದ ತಂತಿ. ಆಮೇಲೆ ಏನು ಮಾಡಿದರೂ ಆ ಕಮಟು ಬಿಡುವುದಿಲ್ಲ.

ಬಿಡಿ ಕಾಯಿಲ್ ಆದರೆ ಅದರ ಪಕ್ಕದಲ್ಲಿ ಹತ್ತಿ ಕಾಣುವ ಸಣ್ಣ ಕಿಂಡಿಗಳಿರುತ್ತವೆ. ಪ್ರತಿಯೊಂದಕ್ಕೂ ಎರಡು ಮೂರು ಹನಿ ಲಿಕ್ವಿಡ್ ಹಾಕಿ. ಬಿಳಿ ಹತ್ತಿ ಹನಿ ಕುಡಿದು ಕಣ್ಣೆದುರೇ ಬಣ್ಣ ಬದಲಿಸುತ್ತದೆ. ಆಮೇಲೆ ಟ್ಯಾಂಕಿಗೆ ಕೂರಿಸಿ, ತುಂಬಿ, ಹತ್ತು ನಿಮಿಷ ನಿಲ್ಲಿಸಿಡಿ. ಕಾಯಿಲ್ ಒಳಗೇ ಕೂತಿರುವ ಪಾಡ್ ಆದರೆ ಹನಿ ಹಾಕಲು ಜಾಗ ಇಲ್ಲ. ತುಂಬಿ ಹತ್ತು ಹದಿನೈದು ನಿಮಿಷ ಕಾಯುವುದೊಂದೇ ದಾರಿ. ಬಟನ್ ಒತ್ತದೆ ಸುಮ್ನೆ ಒಂದೆರಡು ಸಲ ಎಳೆದರೆ ಲಿಕ್ವಿಡ್ ಬೇಗ ಒಳಗಿಳಿಯುತ್ತದೆ. ಬಟನ್ ಇಲ್ಲದೆ ಎಳೆದಾಗಲೇ ಹೊತ್ತಿಕೊಳ್ಳುವ ಸಾಧನ ಆದರೆ ಪಾಡನ್ನು ಬ್ಯಾಟರಿಯಿಂದ ಬಿಚ್ಚಿ ಇಟ್ಟುಕೊಂಡೇ ಹೀಗೆ ಮಾಡಬೇಕು.

ಕಾಯಿಲ್ ಮೇಲೆ ಸಣ್ಣ ಅಕ್ಷರದಲ್ಲಿ ಎರಡು ಸಂಖ್ಯೆ ಕೆತ್ತಿರುತ್ತಾರೆ. ಒಂದು ಓಮ್, ಅಂದರೆ ಅದರ ರೋಧ. ಇನ್ನೊಂದು ಎಷ್ಟರಿಂದ ಎಷ್ಟು ವ್ಯಾಟ್‌ವರೆಗೆ ಬಳಸಬಹುದು ಅಂತ. ಸಣ್ಣ ಪಾಡ್‌ಗಳ ಕಾಯಿಲ್ ಸಾಮಾನ್ಯವಾಗಿ 0.6ರಿಂದ 1.2 ಓಮ್, 10ರಿಂದ 20 ವ್ಯಾಟ್ ಆಸುಪಾಸು. ದೊಡ್ಡ ಟ್ಯಾಂಕಿನವು 0.2 ಓಮ್ ಹತ್ತಿರ ಇದ್ದು 50, 60 ವ್ಯಾಟ್ ಕೇಳುತ್ತವೆ. ಕೆತ್ತಿರುವ ಮಿತಿಯ ಕೆಳತುದಿಯಿಂದ ಶುರು ಮಾಡಿ, ರುಚಿ ಸಾಕೆನಿಸುವಲ್ಲಿ ನಿಲ್ಲಿಸಿ. ಎರಡು ಎಳೆತದ ನಡುವೆ ಅರ್ಧ ನಿಮಿಷವಾದರೂ ಬಿಡಿ. ಟ್ಯಾಂಕ್ ಕಾಲು ಭಾಗಕ್ಕೆ ಇಳಿಯುವಾಗಲೇ ತುಂಬಿ. ಬ್ರಿಟನ್ನಿನಲ್ಲಿ ಟ್ಯಾಂಕಿಗೆ 2 ಮಿ.ಲೀ. ಮಿತಿ ಇದೆ, ಹಾಗಾಗಿ ಇಳಿದದ್ದು ಗೊತ್ತೇ ಆಗುವುದಿಲ್ಲ.

ಹಾಗಾದರೆ ಕಾಯಿಲ್ ತೊಳೆಯಬಹುದಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಬೆಚ್ಚಗಿನ ನೀರಿನಲ್ಲಿ ಜಾಲಿಸಿ, ವೋಡ್ಕಾದಲ್ಲಿ ಒಂದೆರಡು ಗಂಟೆ ನೆನೆಸಿ, ಮತ್ತೆ ನೀರಲ್ಲಿ ತೊಳೆದು, ಒಂದೆರಡು ದಿನ ಒಣಗಿಸುವ ವಿಧಾನ ಬಹಳ ಜನ ಹೇಳುತ್ತಾರೆ. ಮಾಡಬಹುದು. ಹೊರಗಿನ ಹತ್ತಿಯಲ್ಲಿದ್ದ ಹಳೆಯ ರುಚಿ, ಸ್ವಲ್ಪ ಅಂಟು ಹೋಗುತ್ತದೆ. ಬೇರೆ ರುಚಿಗೆ ಹೋಗುವಾಗ ಇಷ್ಟು ಸಾಕೂ ಆಗಬಹುದು. ಆದರೆ ತಂತಿಗೆ ಹಿಡಿದ ಕರಿ ನೀರಿಗೂ ಹೋಗುವುದಿಲ್ಲ, ವೋಡ್ಕಾಕ್ಕೂ ಹೋಗುವುದಿಲ್ಲ. ಸುಟ್ಟ ಹತ್ತಿಯಂತೂ ಸುಟ್ಟಿದ್ದೇ.

ನನ್ನ ಅಭಿಪ್ರಾಯ ಕೇಳಿದರೆ, ಅಂಗಡಿಯಲ್ಲಿ ಸಿಗುವ ಮುಚ್ಚಿದ ಕಾಯಿಲನ್ನು ತೊಳೆಯುವುದು ಎರಡು ದಿನದ ಕೆಲಸಕ್ಕೆ ಎರಡು ದಿನದ ಲಾಭ. ಒಳಗೆ ಸರಿಯಾಗಿ ಒಣಗದಿದ್ದರೆ ಮೊದಲ ಎಳೆತಕ್ಕೆ ಬಿಸಿನೀರು ಸಿಡಿದು ನಾಲಿಗೆಗೆ ತಾಗುತ್ತದೆ. ಹೊಸದು ಹಾಕಿ. ತಂತಿ ಸುತ್ತಿ, ಹತ್ತಿ ತಾವೇ ತುಂಬಿಕೊಳ್ಳುವ ಟ್ಯಾಂಕ್ ಇಟ್ಟುಕೊಂಡವರ ಕಥೆ ಬೇರೆ. ಅವರು ಹತ್ತಿ ಕಿತ್ತು, ತಂತಿಯನ್ನು ಕಡಿಮೆ ವ್ಯಾಟ್‌ನಲ್ಲಿ ಕ್ಷಣ ಕ್ಷಣ ಕಾಯಿಸಿ ಕರಿ ಸುಟ್ಟು, ತಣ್ಣಗಾದ ಮೇಲೆ ಬ್ರಷ್‌ನಿಂದ ಉಜ್ಜಿ ತೊಳೆದು, ಹೊಸ ಹತ್ತಿ ಹಾಕುತ್ತಾರೆ. ಅವರ ಕಾಯಿಲ್ ತಿಂಗಳುಗಟ್ಟಲೆ ಬರುತ್ತದೆ. ಹತ್ತಿಯನ್ನು ಒಳಗಿಟ್ಟುಕೊಂಡೇ ಹೀಗೆ ಕಾಯಿಸಿದರೆ ಹತ್ತಿ ಹೊತ್ತಿಕೊಳ್ಳುತ್ತದೆ. ಹಾಗಾಗಿ ಮುಚ್ಚಿದ ಕಾಯಿಲ್‌ಗೆ ಈ ಪ್ರಯೋಗ ಬೇಡವೇ ಬೇಡ.

ಟ್ಯಾಂಕ್: ಇದನ್ನು ಧಾರಾಳವಾಗಿ ತೊಳೆಯಿರಿ

ತೊಳೆದರೆ ನಿಜಕ್ಕೂ ಫಲ ಕೊಡುವುದು ಟ್ಯಾಂಕ್. ಕಾಯಿಲ್ ಬದಲಿಸುವಾಗಲೆಲ್ಲ ತೊಳೆದರೆ ಬೇರೆ ದಿನ ಹುಡುಕಬೇಕಿಲ್ಲ. ಬ್ಯಾಟರಿಯಿಂದ ಟ್ಯಾಂಕ್ ಬಿಚ್ಚಿ. ಉಳಿದ ಲಿಕ್ವಿಡ್ ಅನ್ನು ಟಿಶ್ಯೂವಿಗೆ ಸುರಿದುಕೊಳ್ಳಿ. ಬಾಯಿಗಿಡುವ ತುದಿ, ಮೇಲಿನ ಮುಚ್ಚಳ, ಗಾಜು, ತಳ ಎಲ್ಲ ಬೇರೆ ಮಾಡಿ. ಸಿಂಕಿನ ತೂತಿಗೆ ಏನಾದರೂ ಅಡ್ಡ ಇಡಿ, ಇಲ್ಲವೇ ಒಂದು ಬಟ್ಟಲಲ್ಲಿ ತೊಳೆಯಿರಿ. ರಬ್ಬರ್ ಉಂಗುರ ಜಾರಿ ಹೋದರೆ ಸಿಗುವುದಿಲ್ಲ.

ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಸಾಕು. ಮೂಲೆಗಳಿಗೆ, ತಿರುಪಿನ ಎಳೆಗಳಿಗೆ ಹಳೆಯ ಮೆತ್ತನೆ ಟೂತ್‌ಬ್ರಷ್. ಗಾಳಿ ಹೋಗುವ ಕಿಂಡಿಗಳಿಗೆ ಕಿವಿಗೆ ಹಾಕುವ ಹತ್ತಿ ಕಡ್ಡಿ. ಸೋಪಿನ ವಾಸನೆ ಪೂರ್ತಿ ಹೋಗುವವರೆಗೆ ಜಾಲಿಸಿ, ಯಾಕೆಂದರೆ ಉಳಿದದ್ದು ನಿಮ್ಮ ಶ್ವಾಸಕೋಶಕ್ಕೇ ಹೋಗುತ್ತದೆ. ಲಂಡನ್, ರೆಡಿಂಗ್ ಕಡೆಯ ನೀರು ಗಡಸು. ತಾನಾಗಿ ಒಣಗಲು ಬಿಟ್ಟರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ನೂಲು ಬಿಡದ ಬಟ್ಟೆಯಿಂದ ಒರೆಸಿ, ಆಮೇಲೆ ಒಂದು ರಾತ್ರಿ ಹಾಗೇ ಬಿಡಿ.

ಕುದಿಯುವ ನೀರು ಬೇಡ. ಗಾಜು ತಡೆದುಕೊಂಡರೂ ಪ್ಲಾಸ್ಟಿಕ್ ಪಾಡ್ ಸೊಟ್ಟಗಾಗುತ್ತದೆ, ಅಂಟು ಬಿಡುತ್ತದೆ. ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಇನ್ನೊಂದು ವಿಷಯ ಗಮನಿಸಿ. ದಾಲ್ಚಿನ್ನಿ, ನಿಂಬೆ, ಕಿತ್ತಳೆ, ಸೋಂಪಿನ ರುಚಿಯ ಲಿಕ್ವಿಡ್‌ಗಳು ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ಮೊದಲು ಮಬ್ಬಾಗುತ್ತದೆ, ಆಮೇಲೆ ಕೂದಲೆಳೆಯ ಬಿರುಕು. ಅಂಥ ರುಚಿ ಇಷ್ಟ ಇರುವವರು ಗಾಜಿನ ಟ್ಯಾಂಕ್ ತೆಗೆದುಕೊಳ್ಳಲಿ.

ಮತ್ತೆ ಜೋಡಿಸುವಾಗ ರಬ್ಬರ್ ಉಂಗುರಗಳನ್ನು ಒಮ್ಮೆ ಬೆರಳಲ್ಲಿ ಎಳೆದು ನೋಡಿ. ಸೀಳಿದ್ದರೆ, ಚಪ್ಪಟೆಯಾಗಿದ್ದರೆ, ಸಡಿಲ ಆಗಿದ್ದರೆ ಸೋರಿಕೆಗೆ ಕಾರಣ ಅದೇ. ಹೊಸ ಟ್ಯಾಂಕಿನ ಪೆಟ್ಟಿಗೆಯಲ್ಲಿ ಹೆಚ್ಚುವರಿ ಉಂಗುರಗಳ ಪುಟ್ಟ ಪೊಟ್ಟಣ ಇರುತ್ತದೆ. ಅದನ್ನು ಎಸೆಯಬೇಡಿ. ಒಣ ಉಂಗುರವನ್ನು ಒತ್ತಿ ತಿರುಗಿಸಿದರೆ ಹರಿಯುತ್ತದೆ, ಹಾಗಾಗಿ ಸ್ವಲ್ಪ ಜಾರುವಂತೆ ಮಾಡಬೇಕು. ಇಲ್ಲೇ ನಮ್ಮವರು ಜಾಗ್ರತೆ ಮಾಡಬೇಕಾದದ್ದು. ಬಾಗಿಲು ಕಿರ್ರೆಂದರೂ ಬೀಗ ಬಿಗಿಯಾದರೂ ಕೊಬ್ಬರಿ ಎಣ್ಣೆ ಬಿಡುವ ಮನೆಗಳಿಂದ ಬಂದವರು ನಾವು. ವೇಪ್‌ಗೆ ಮಾತ್ರ ಕೊಬ್ಬರಿ ಎಣ್ಣೆಯಾಗಲಿ, ವ್ಯಾಸಲೀನ್ ಆಗಲಿ, ಯಾವ ಎಣ್ಣೆ ಜಿಡ್ಡೂ ಮುಟ್ಟಿಸಬೇಡಿ. ಹೊಟ್ಟೆಗೆ ಹೋದ ಎಣ್ಣೆ ಜೀರ್ಣವಾಗುತ್ತದೆ. ಶ್ವಾಸಕೋಶಕ್ಕೆ ಹೋದ ಎಣ್ಣೆಗೆ ಹೊರಬರುವ ಸುಲಭದ ದಾರಿ ಇಲ್ಲ, ಅಲ್ಲೇ ಉಳಿದು ಒಂದು ಬಗೆಯ ನ್ಯುಮೋನಿಯಾ ತರಬಹುದು. 2019ರಲ್ಲಿ ಅಮೆರಿಕದಲ್ಲಿ ವೇಪ್‌ನಿಂದ ಶ್ವಾಸಕೋಶ ಕೆಟ್ಟು ಸಾವಿರಾರು ಜನ ಆಸ್ಪತ್ರೆ ಸೇರಿದ್ದು ನೆನಪಿರಬಹುದು. 2020ರ ಫೆಬ್ರವರಿ ಹೊತ್ತಿಗೆ 2,807 ಜನ ಆಸ್ಪತ್ರೆ ಸೇರಿದ್ದರು ಅಥವಾ ತೀರಿಕೊಂಡಿದ್ದರು, ಸತ್ತವರೇ 68. ಅದರ ಹಿಂದೆ ಮುಖ್ಯವಾಗಿ ಕಂಡದ್ದು ಗಾಂಜಾದ ಅಂಶ ಇರುವ ಕಳ್ಳಮಾಲಿನ ಲಿಕ್ವಿಡ್‌ಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ವಸ್ತು. ಉಂಗುರಕ್ಕೆ ಬೇಕಾದದ್ದು ನಿಮ್ಮ ಲಿಕ್ವಿಡ್‌ನದೇ ಒಂದು ಹನಿ. ಬೆರಳಲ್ಲಿ ಸವರಿದರೆ ಸಾಕು.

ತೊಳೆದು ಮುಗಿದ ಮೇಲೆ ಕೈ ತೊಳೆಯಿರಿ. ನಿಕೋಟಿನ್ ಚರ್ಮದಿಂದಲೂ ಒಳಗೆ ಹೋಗುತ್ತದೆ. ಬ್ರಿಟನ್ನಿನಲ್ಲಿ ಮಾರುವ ಲಿಕ್ವಿಡ್‌ಗೆ ಮಿ.ಲೀ.ಗೆ 20 ಮಿ.ಗ್ರಾಂ. ನಿಕೋಟಿನ್ ಮಿತಿ, ಬಾಟಲಿಗೆ 10 ಮಿ.ಲೀ. ಮಿತಿ. ಅಂದರೆ ಒಂದು ಪುಟ್ಟ ಬಾಟಲಿಯಲ್ಲೇ 200 ಮಿ.ಗ್ರಾಂ. ವರೆಗೆ ಇರಬಹುದು, ಅದು ಮಗುವಿನ ಜೀವಕ್ಕೆ ಅಪಾಯ. ಬಾಟಲಿ, ಬಳಸಿದ ಟಿಶ್ಯೂ, ಹಳೇ ಪಾಡ್ ಯಾವುದೂ ಮಕ್ಕಳ ಕೈಗೆ, ನಾಯಿಯ ಬಾಯಿಗೆ ಸಿಗುವ ಹಾಗೆ ಬಿಡಬೇಡಿ.

ಗೊರಗೊರ ಸದ್ದು, ತಾನಾಗಿ ಹೊತ್ತಿಕೊಳ್ಳುವುದು

ಎಳೆದಾಗ ಗೊರಗೊರ ಅಂದರೆ ಕಾಯಿಲ್‌ನ ನಡುವಿನ ಕೊಳವೆಯಲ್ಲಿ ಲಿಕ್ವಿಡ್ ನಿಂತಿದೆ. ತುಂಬುವಾಗ ನಡುವಿನ ತೂತಿಗೆ ಬಿದ್ದಿರಬಹುದು, ಅಥವಾ ತೀರಾ ಜೋರಾಗಿ ಎಳೆದಿರಬಹುದು. ಪಾಡ್ ಬಿಚ್ಚಿ, ಟಿಶ್ಯೂವಿನಲ್ಲಿ ಸುತ್ತಿ, ಬಾಯಿಯ ತುದಿ ಕೆಳಗೆ ಮಾಡಿ ಎರಡು ಸಲ ಜಾಡಿಸಿ. ಟಿಶ್ಯೂ ಹುರಿ ಮಾಡಿ ಕೊಳವೆಯೊಳಗೆ ಇಳಿಸಿ ತೆಗೆಯಿರಿ. ಮುಗಿಯಿತು.

ಸೋರಿಕೆ ಇಲ್ಲದಿದ್ದರೂ ಪಾಡ್ ಕೆಳಗೆ ಪಸೆ ಇರುತ್ತದೆ. ಆವಿ ತಣ್ಣಗಾಗಿ ಹನಿಗಟ್ಟಿ ಕೆಳಗಿಳಿಯುವುದು ಸಹಜ. ಇದನ್ನು ಒರೆಸದೆ ಬಿಡುವುದೇ ತಪ್ಪು. ಪಾಡ್ ಕೂರುವ ಗುಂಡಿಯಲ್ಲಿ ಬಂಗಾರದ ಬಣ್ಣದ ಎರಡು ಸಣ್ಣ ಮೊಳೆಗಳಿರುತ್ತವೆ, ಅವುಗಳಿಂದಲೇ ಕರೆಂಟು ಹರಿಯುವುದು. ಅಂಟು ಕಟ್ಟಿದರೆ ಸಾಧನ ಪಾಡನ್ನೇ ಗುರುತಿಸುವುದಿಲ್ಲ. ಅಲ್ಲೇ ಪಕ್ಕದಲ್ಲಿ ನೀವು ಎಳೆದದ್ದನ್ನು ಗುರುತಿಸುವ ಸೆನ್ಸರ್‌ಗೆ ಹೋಗುವ ಸಣ್ಣ ಕಿಂಡಿ ಇರುತ್ತದೆ. ಅದರೊಳಗೆ ಲಿಕ್ವಿಡ್ ಇಳಿದರೆ ಎಳೆದರೂ ಹೊತ್ತಿಕೊಳ್ಳುವುದಿಲ್ಲ, ಇಲ್ಲವೇ ಯಾರೂ ಎಳೆಯದೇ ಮೇಜಿನ ಮೇಲೆ ತಾನಾಗಿ ಹೊತ್ತಿಕೊಳ್ಳುತ್ತದೆ. ಎರಡನೆಯದು ಅಪಾಯ. ಕೂಡಲೇ ಪಾಡ್ ಬಿಚ್ಚಿ. ಗುಂಡಿಯನ್ನು ಒಣ ಹತ್ತಿ ಕಡ್ಡಿಯಿಂದ ಒರೆಸಿ, ಮೊಳೆಗಳಿಗೆ ಮಾತ್ರ ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ತಾಗಿಸಿ, ಪೂರ್ತಿ ಆರಲು ಬಿಡಿ. ಬ್ಯಾಟರಿ ಇರುವ ಭಾಗವನ್ನು ನಲ್ಲಿಯ ಕೆಳಗೆ ಹಿಡಿಯುವ ಮಾತೇ ಇಲ್ಲ. ವಾರಕ್ಕೆರಡು ಸಲ ಪಾಡ್ ಎತ್ತಿ ಒಮ್ಮೆ ಒರೆಸಿದರೆ ಈ ತಾಪತ್ರಯವೇ ಬರುವುದಿಲ್ಲ.

ತಿರುಪಿನಿಂದ ಕೂರಿಸುವ ಟ್ಯಾಂಕ್ ಆದರೆ ಬೆರಳಿನ ಬಿಗಿ ಸಾಕು. ಜಾಸ್ತಿ ಬಿಗಿದರೆ ನಡುವಿನ ಮೊಳೆ ಒಳಗೆ ಕೂತುಬಿಡುತ್ತದೆ, ಆಮೇಲೆ ಸಂಪರ್ಕವೇ ಸಿಗುವುದಿಲ್ಲ.

ಬ್ಯಾಟರಿ

ಉಳಿದ ಭಾಗ ಕೆಟ್ಟರೆ ರುಚಿ ಕೆಡುತ್ತದೆ. ಇದು ಕೆಟ್ಟರೆ ಬೆಂಕಿ. ಒಳಗೇ ಬ್ಯಾಟರಿ ಇರುವ ಸಾಧನ ಆದರೆ ಅದರ ಜೊತೆ ಬಂದ ಕೇಬಲ್‌ನಲ್ಲಿ, ತಯಾರಕರು ಹೇಳಿದ ಚಾರ್ಜರ್‌ನಲ್ಲೇ ಹಾಕಿ. ದಿಂಬಿನ ಕೆಳಗೆ, ಸೋಫಾ ಮೇಲೆ, ಮಲಗಿರುವಾಗ ಚಾರ್ಜ್ ಬೇಡ. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ. ಪೂರ್ತಿ ಸೊನ್ನೆಗಿಳಿಸುವ ಅಭ್ಯಾಸ ಬ್ಯಾಟರಿಯ ಆಯಸ್ಸು ತಿನ್ನುತ್ತದೆ. ಬಹಳ ದಿನ ಬಳಸದೆ ಇಡುವುದಾದರೆ ಅರ್ಧ ಚಾರ್ಜ್‌ನಲ್ಲಿ ಇಡಿ. ಉಬ್ಬಿದರೆ, ಕೆಳಗೆ ಬಿದ್ದು ನಜ್ಜಾದರೆ, ಚಾರ್ಜ್ ಮಾಡುವಾಗ ಕೈ ಸುಡುವಷ್ಟು ಬಿಸಿಯಾದರೆ ಅದರ ಕಾಲ ಮುಗಿಯಿತು.

ದೊಡ್ಡ ಸಾಧನಗಳಲ್ಲಿ ಬಿಡಿ ಬ್ಯಾಟರಿ ಹಾಕುತ್ತಾರೆ, ಹೆಚ್ಚಾಗಿ 18650 ಅನ್ನುವ ಬಗೆಯದ್ದು. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಇದನ್ನು ಕೈಯಲ್ಲಿ ಹಿಡಿದು ಒಮ್ಮೆ ಸರಿಯಾಗಿ ನೋಡಿ. ಮೇಲಿನ ಪುಟ್ಟ ಗುಬಟು ಮಾತ್ರ ಪ್ಲಸ್. ಅದನ್ನು ಬಿಟ್ಟರೆ ತಳ, ಪಕ್ಕ, ಮೇಲಂಚು, ಇಡೀ ಲೋಹದ ಡಬ್ಬಿಯೇ ಮೈನಸ್. ಎರಡನ್ನೂ ಬೇರೆ ಇಟ್ಟಿರುವುದು ತುದಿಯಲ್ಲಿರುವ ಒಂದು ತೆಳು ಉಂಗುರ ಮತ್ತು ಹೊರಗಿನ ಬಣ್ಣದ ಪ್ಲಾಸ್ಟಿಕ್ ಹೊದಿಕೆ. ಆ ಹೊದಿಕೆ ಉಗುರಿನಷ್ಟು ಹರಿದರೂ ಸಾಧನದ ಲೋಹ ತಾಗಿ ಶಾರ್ಟ್ ಆಗಬಹುದು. ಹೊಸ ಹೊದಿಕೆ ಕೆಲವೇ ಪೆನ್ಸ್‌ಗೆ ಸಿಗುತ್ತದೆ. ತೊಡಿಸಿ ಹೇರ್ ಡ್ರೈಯರ್ ಹಿಡಿದರೆ ಬಿಗಿದುಕೊಳ್ಳುತ್ತದೆ. ಕೈ ಕುದುರದಿದ್ದರೆ ವೇಪ್ ಅಂಗಡಿಯವರನ್ನು ಕೇಳಿ, ಎಷ್ಟೋ ಕಡೆ ಅಲ್ಲೇ ಹಾಕಿಕೊಡುತ್ತಾರೆ. ಬಿಡಿ ಬ್ಯಾಟರಿಯನ್ನು ಕೀಲಿಕೈ, ಚಿಲ್ಲರೆ ಇರುವ ಜೇಬಿಗೆ ಹಾಕಲೇಬೇಡಿ. ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಎರಡು ಬ್ಯಾಟರಿ ಹಾಕುವ ಸಾಧನ ಆದರೆ ಒಟ್ಟಿಗೆ ಕೊಂಡ ಜೋಡಿಯನ್ನು ಕೊನೆವರೆಗೂ ಒಟ್ಟಿಗೇ ಬಳಸಿ, ಒಟ್ಟಿಗೇ ಚಾರ್ಜ್ ಮಾಡಿ. ಹಳೆಯದರ ಜೊತೆ ಹೊಸದನ್ನು ಹಾಕಿದರೆ ದುರ್ಬಲವಾದದ್ದರ ಮೇಲೆ ಭಾರ ಬೀಳುತ್ತದೆ.

ಹಾಳಾದದ್ದನ್ನು ಮನೆಯ ಕಸದ ಡಬ್ಬಿಗೆ ಹಾಕಬಾರದು. ಕಸದ ಲಾರಿಯಲ್ಲಿ ಒತ್ತಿದಾಗ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳುತ್ತದೆ, ಬ್ರಿಟನ್ನಿನಲ್ಲಿ ಇಂಥ ಬೆಂಕಿ ವರ್ಷಕ್ಕೆ ಸಾವಿರಕ್ಕೂ ಮೇಲೆ ಆಗುತ್ತಿದೆ. ವೇಪ್ ಮಾರುವ ಅಂಗಡಿಯವರು ಹಳೆಯದನ್ನು ವಾಪಸ್ ತೆಗೆದುಕೊಳ್ಳಲೇಬೇಕು ಅಂತ ಅಲ್ಲಿ ಕಾನೂನಿದೆ. ಕೇಳಿ ಕೊಡಿ.

ಪ್ರಯಾಣ

ವಿಮಾನದೊಳಗೆ ಗಾಳಿಯ ಒತ್ತಡ ಕಡಿಮೆ. ಟ್ಯಾಂಕಿನಲ್ಲಿರುವ ಗಾಳಿ ಹಿಗ್ಗಿ ಲಿಕ್ವಿಡ್ ಅನ್ನು ಕಾಯಿಲ್ ಮೂಲಕ ಹೊರಗೆ ತಳ್ಳುತ್ತದೆ, ಜೇಬೆಲ್ಲ ಅಂಟು. ಹತ್ತುವ ಮುಂಚೆ ಟ್ಯಾಂಕ್ ಖಾಲಿ ಮಾಡಿಕೊಳ್ಳಿ. ವೇಪ್ ಮತ್ತು ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ.

ಇದು ಯುರೋಪಿನ ಒಳಗಿನ ಪ್ರಯಾಣದ ಮಾತು. ಬೆಂಗಳೂರಿಗೆ ಹೊರಟರೆ ವೇಪ್ ಬೇಡ. ಹೊರದೇಶದಿಂದ ಭಾರತದೊಳಗೆ ತರುವುದೇ 2019ರ ಕಾಯ್ದೆಯ ಪ್ರಕಾರ ಆಮದು, ಮೊದಲ ಸಲದ ತಪ್ಪಿಗೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ತೊಳೆದು ಒಣಗಿಸಿ, ಅರ್ಧ ಚಾರ್ಜ್ ಇಟ್ಟು, ಅಲ್ಲೇ ಬಿಟ್ಟು ಬನ್ನಿ. ಊರಲ್ಲಿರುವಷ್ಟು ದಿನ ನಿಕೋಟಿನ್ ಗಮ್ ಸಾಕಾಗುತ್ತದೆ, 2 ಮಿ.ಗ್ರಾಂ.ನದ್ದು ಇಲ್ಲಿನ ಮೆಡಿಕಲ್ ಶಾಪ್‌ಗಳಲ್ಲಿ ಚೀಟಿ ಇಲ್ಲದೆಯೇ ಸಿಗುತ್ತದೆ. ಪೂರ್ತಿ ಬಿಡುವ ಮನಸ್ಸಿದ್ದರೆ 1800-11-2356ಕ್ಕೆ ಕರೆ ಮಾಡಬಹುದು. ತಂಬಾಕು ಬಿಡುವವರಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ ಅದು. ಅದರ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.